ಅಂಡಾಣುವಿನೊಳಗಿನ ಕದಿರು, ಮನೆಯೊಳಗಿನ ವಿಚಾರಣೆ

ಗರ್ಭ ನಿಂತು ಎರಡು ಮೂರು ತಿಂಗಳಿಗೆ ಕೈತಪ್ಪಿತೆಂದರೆ ಶಿವಮೊಗ್ಗ, ಭದ್ರಾವತಿ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ವಿಚಾರಣೆ ಶುರುವಾಗುತ್ತದೆ. ಪರಂಗಿ ಹಣ್ಣು ತಿಂದಿದ್ದಳೇ? ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇ? ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರಿನ ಹಿಂದೆ ಕೂತು ಹೋದಳೇ? ತುಂಬಿದ ಕೊಡ ಎತ್ತಿದಳೇ, ಅಡಿಕೆ ಸುಗ್ಗಿಯಲ್ಲಿ ರಾತ್ರಿಯೆಲ್ಲ ಸುಲಿಯಲು ಕೂತಳೇ? ಪ್ರಶ್ನೆಗಳು ಎಷ್ಟೇ ಇರಲಿ, ಎಲ್ಲವೂ ಹುಡುಕುವ ಜಾಗ ಒಂದೇ: ಹೋದ ಕೆಲವು ವಾರಗಳಲ್ಲಿ ಆ ಹೆಂಗಸು ಏನು ಮಾಡಿದಳು ಎಂಬುದು. "ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲಮ್ಮ" ಎಂದು ವೈದ್ಯರು ಹೇಳಿ ಕಳಿಸುವುದುಂಟು. ಆದರೆ ಕಾರಣ ಹೇಳದ ಸಮಾಧಾನ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಬಲ ಕಳೆದುಕೊಂಡಿರುತ್ತದೆ. ಕಾರಣ ಇಲ್ಲದೇನಿಲ್ಲ. ಮೊದಲ ಮೂರು ತಿಂಗಳಲ್ಲಿ ನಷ್ಟವಾಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ವರ್ಣತಂತುಗಳ ಲೆಕ್ಕವೇ ತಪ್ಪಿರುತ್ತದೆ. ಆ ಲೆಕ್ಕ ತಪ್ಪುವುದು ಬಹುಪಾಲು ಅಂಡಾಣುವಿನಲ್ಲಿ, ಗರ್ಭ ಕಟ್ಟುವುದಕ್ಕೂ ಮೊದಲು. ಯಾಕೆ ತಪ್ಪುತ್ತದೆ ಎಂದು ಕೇಳುತ್ತ ಹೋದರೆ ನಾವು ತಲುಪುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಉದ್ದದ, ಕಣ್ಣಿಗೆ ಕಾಣದ ಒಂದು ರಚನೆಯ ಬಳಿಗೆ. ಆ ರಚನೆಯನ್ನು ಕಟ್ಟುವುದು ಕಷ್ಟ. ಕಟ್ಟಿದ್ದನ್ನು ಕೆಡದಂತೆ ಕಾಯ್ದುಕೊಳ್ಳುವುದು ಇನ್ನೂ ಕಷ್ಟ. ಮನುಷ್ಯರ ಅಂಡಾಣು ಸೋಲುವುದು ಹೆಚ್ಚಾಗಿ ಈ ಎರಡನೆಯದರಲ್ಲಿ, ಮತ್ತು ಆ ಸೋಲಿಗೂ ಹೆಂಗಸಿನ ನಡವಳಿಕೆಗೂ ಸಂಬಂಧ ಕಲ್ಪಿಸಲು ಆಧಾರವಿಲ್ಲ ಎಂಬುದು ಈ ಬರಹದ ವಾದ.

ಜೀವಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆದು ಹಂಚುವ ಎಳೆಗಳ ಗುಂಪೇ ಆ ರಚನೆ; ಅದಕ್ಕೆ ಕದಿರು ಎನ್ನುತ್ತಾರೆ. ನಡುವೆ ಅಗಲ, ಎರಡು ತುದಿಗಳಲ್ಲಿ ಚೂಪು. ಪಠ್ಯಪುಸ್ತಕದ ಚಿತ್ರದಲ್ಲಿ ಅದು ಬಿಗಿದು ಕಟ್ಟಿದ ಹಗ್ಗಗಳಂತೆ ಕಾಣುವುದರಿಂದ ಒಮ್ಮೆ ಕಟ್ಟಿದರೆ ಹಾಗೇ ಇರುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ನಿಜ ಸಂಗತಿ ಬೇರೆ ಎಂದು ಮೊದಲು ತೋರಿಸಿಕೊಟ್ಟಿದ್ದೂ ಒಂದು ಅಂಡಾಣುವೇ. 1953ರಲ್ಲಿ ಶಿನ್ಯಾ ಇನೋವೆ ಎಂಬ ವಿಜ್ಞಾನಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕೀಟೋಪ್ಟೆರಸ್ ಎಂಬ ಸಮುದ್ರ ಹುಳುವಿನ ಜೀವಂತ ಅಂಡಾಣುವನ್ನಿಟ್ಟು, ಬಣ್ಣ ಹಾಕದೆ, ಕೊಲ್ಲದೆ, ಅದರ ಕದಿರೆಳೆಗಳನ್ನು ನೋಡಿದರು. ಅಂಡಾಣುವನ್ನು ತಂಪು ಮಾಡಿದರೆ ಎಳೆಗಳು ಕರಗಿಹೋಗುತ್ತವೆ, ಬೆಚ್ಚಗೆ ಮಾಡಿದರೆ ಮತ್ತೆ ಮೂಡುತ್ತವೆ ಎಂಬುದು ಅವರ ಅಧ್ಯಯನಗಳಿಂದ ಸ್ಪಷ್ಟವಾಯಿತು. ಈ ಎಳೆಗಳು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಸಣ್ಣ ಸಣ್ಣ ತುಣುಕುಗಳು ಸಾಲುಗೂಡಿ ಆದ ಸೂಕ್ಷ್ಮನಾಳಗಳು. ಒಂದು ತುದಿಯಲ್ಲಿ ತುಣುಕುಗಳು ಸೇರುತ್ತಲೇ ಇರುತ್ತವೆ, ಕಳಚಿಕೊಳ್ಳುತ್ತಲೂ ಇರುತ್ತವೆ. ಮಿಚಿಸನ್ ಮತ್ತು ಕಿರ್ಶ್ನರ್ 1984ರಲ್ಲಿ ಇದನ್ನು ಇನ್ನೂ ನಿಖರವಾಗಿ ತೋರಿಸಿದರು: ಬೆಳೆಯುತ್ತಿರುವ ನಾಳ ಇದ್ದಕ್ಕಿದ್ದಂತೆ ಕುಸಿದು ಕುಗ್ಗಬಲ್ಲದು, ಕುಗ್ಗುತ್ತಿರುವುದು ಮತ್ತೆ ಬೆಳೆಯಬಲ್ಲದು. ಮಳೆಗಾಲದ ತುಂಗೆಯಲ್ಲಿ ಸೇತುವೆಯ ಕಂಬದ ಪಕ್ಕ ಏಳುವ ಸುಳಿಯ ಹಾಗೆ, ಕದಿರಿನ ಆಕಾರ ನಿಂತಲ್ಲೇ ನಿಂತಿದ್ದರೂ ಅದರೊಳಗಿನ ಸಾಮಗ್ರಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಹೀಗಾಗಿ ಕದಿರನ್ನು ಉಳಿಸಿಕೊಳ್ಳುವುದು ಬಿಡುವಿಲ್ಲದ ಕೆಲಸ. ಕಟ್ಟುವ ಮತ್ತು ಕೆಡವುವ ಎರಡು ಬಲಗಳಲ್ಲಿ ಯಾವುದಾದರೊಂದು ಮೇಲುಗೈ ಪಡೆದರೂ ಆಕಾರ ಹೋಗುತ್ತದೆ.

ನಮ್ಮ ಚರ್ಮದ, ಕರುಳಿನ ಕೋಶಗಳಿಗೆ ಈ ಕೆಲಸದಲ್ಲಿ ಎರಡು ಆಸರೆಗಳಿವೆ. ಸೆಂಟ್ರೋಸೋಮ್ ಎಂಬ ಎರಡು ಕೇಂದ್ರಗಳು ಕೋಶದ ಎರಡು ಬದಿಗೆ ಸರಿದು ನಿಂತು ಎಳೆಗಳನ್ನು ಹೊರಡಿಸುತ್ತವೆ; ಅರ್ಧ ಗಂಟೆಯ ಸುಮಾರಿಗೆ ಕದಿರು ಸಿದ್ಧ. ಅಂಡಾಣುವಿಗೆ ಆ ಕೇಂದ್ರಗಳೇ ಇಲ್ಲ. ಅಂಡಾಶಯದಲ್ಲಿ ಬೆಳೆಯುವಾಗಲೇ ಅದು ಅವನ್ನು ಕಳೆದುಕೊಂಡಿರುತ್ತದೆ. ಇದು ಎಡವಟ್ಟಿನಿಂದ ಆದದ್ದಲ್ಲ ಎಂದು ನಂಬಲು ಕಾರಣವಿದೆ. ಮನುಷ್ಯರಲ್ಲಿ ವೀರ್ಯಾಣು ತನ್ನೊಂದಿಗೆ ಸೆಂಟ್ರೋಸೋಮಿನ ತಿರುಳಾದ ಸೆಂಟ್ರಿಯೋಲ್ ತರುತ್ತದೆ. ಅಂಡಾಣುವೂ ತನ್ನದನ್ನು ಉಳಿಸಿಕೊಂಡಿದ್ದರೆ ಹೊಸ ಜೀವದ ಮೊದಲ ಕೋಶದಲ್ಲಿ ಕೇಂದ್ರಗಳು ಹೆಚ್ಚಾಗಿ ವಿಭಜನೆ ದಿಕ್ಕೆಡುತ್ತಿತ್ತು. ಮುಂದಿನ ಪೀಳಿಗೆಯ ವಿಭಜನೆ ಸರಿಯಾಗಲೆಂದು ಅಂಡಾಣು ತನ್ನ ವಿಭಜನೆಯನ್ನು ಕಷ್ಟ ಮಾಡಿಕೊಂಡಿದೆ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ. ಹಾಗಾದರೆ ಅದು ಕದಿರು ಕಟ್ಟುವುದು ಹೇಗೆ? 2015ರಲ್ಲಿ ಜುಜಾನಾ ಹೋಲುಬ್ತ್ಸೋವಾ, ಮೆಲಿನಾ ಶೂ ಮತ್ತು ಸಂಗಡಿಗರು ಸಯನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಮಾನವ ಅಂಡಾಣುಗಳು ಜೀವಂತವಿರುವಾಗಲೇ ಅವುಗಳ ಒಳಗಿನ ಚಲನೆಯನ್ನು ಗಂಟೆಗಟ್ಟಲೆ ಚಿತ್ರೀಕರಿಸಲಾಯಿತು. ಎಳೆಗಳು ಮೂಡುತ್ತಿದ್ದದ್ದು ವರ್ಣತಂತುಗಳ ಸುತ್ತಲೇ, ರಾನ್ ಎಂಬ ಪುಟ್ಟ ಪ್ರೋಟೀನಿನ ಪ್ರಚೋದನೆಯಿಂದ. ಕದಿರು ರೂಪುಗೊಳ್ಳಲು ಹಿಡಿದ ಸಮಯ ಸುಮಾರು 16 ಗಂಟೆ. ಆ 16 ಗಂಟೆಗಳಲ್ಲಿ ಬಹಳಷ್ಟು ಅಂಡಾಣುಗಳಲ್ಲಿ ಕದಿರು ನೆಟ್ಟಗೆ ನಿಲ್ಲಲಿಲ್ಲ. ಎರಡು ತುದಿ ಇರಬೇಕಾದಲ್ಲಿ ಮೂರು ನಾಲ್ಕು ತುದಿಗಳು ಒಡೆದವು, ಮತ್ತೆ ಕೂಡಿದವು, ಮತ್ತೆ ಒಡೆದವು. ತುದಿ ಅತ್ತಿತ್ತ ಸರಿದಾಗಲೆಲ್ಲ ವರ್ಣತಂತುಗಳಿಗೆ ತಪ್ಪು ಕಡೆಯ ಎಳೆ ಅಂಟಿಕೊಳ್ಳುವ ಸಂಭವ ಹೆಚ್ಚುತ್ತದೆ. ಇದಾದ ಮೇಲೆ, 2022ರಲ್ಲಿ, ಶಾಂಘೈನ ಸಂಶೋಧಕರು ಮಾನವ ಅಂಡಾಣುವಿನಲ್ಲೂ ಎಳೆಗಳನ್ನು ಹೊರಡಿಸುವ ಒಂದು ವಿಶಿಷ್ಟ ರಚನೆ ಇದೆಯೆಂದು ತೋರಿಸಿದರು. ಕೇಂದ್ರವೇ ಇಲ್ಲವೆಂಬ ಮೊದಲಿನ ಚಿತ್ರ ಅಷ್ಟರ ಮಟ್ಟಿಗೆ ತಿದ್ದುಪಡಿಯಾಯಿತು. ಆದರೆ ಆ ರಚನೆಯೂ ಕೆಲಸ ಶುರುವಾದೊಡನೆ ಒಡೆದು ಚದುರಿಹೋಗುವಂಥದ್ದು, ಕೊನೆತನಕ ಆಸರೆಯಾಗಿ ನಿಲ್ಲುವಂಥದ್ದಲ್ಲ. ಕದಿರು ಅಸ್ಥಿರ ಎಂಬ ಮಾತು ಮಾತ್ರ ಹಾಗೇ ಉಳಿಯಿತು.

ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪುರಾವೆ ಬರುವುದು ಕೊಟ್ಟಿಗೆಯ ಕಡೆಯಿಂದ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಸುತ್ತಲ ಹಳ್ಳಿಗಳಲ್ಲಿ ಮಲೆನಾಡು ಗಿಡ್ಡ ತಳಿಯ ದನಗಳಿವೆ. ಹಸುವಿನ ಅಂಡಾಣುವೂ ನಮ್ಮ ಅಂಡಾಣುವಿನಂತೆ ಸೆಂಟ್ರೋಸೋಮ್ ಇಲ್ಲದೆಯೇ ಕದಿರು ಕಟ್ಟುತ್ತದೆ. ಎಳೆಗಳ ತುದಿಗಳನ್ನು ಒಟ್ಟುಗೂಡಿಸಲು ಎರಡರಲ್ಲೂ ನೂಮಾ ಎಂಬ ಒಂದೇ ಪ್ರೋಟೀನ್ ದುಡಿಯುತ್ತದೆ. ಆದರೂ ಹಸುವಿನ ಕದಿರು ಗಟ್ಟಿಯಾಗಿ ನಿಲ್ಲುತ್ತದೆ, ಹಂದಿಯದೂ ನಿಲ್ಲುತ್ತದೆ, ಹೆಂಗಸಿನದು ನಿಲ್ಲುವುದಿಲ್ಲ. ವ್ಯತ್ಯಾಸ ಎಲ್ಲಿ ಎಂದು ಗ್ಯೋಟಿಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಶೂ ಅವರ ತಂಡ ಹುಡುಕಿ 2022ರಲ್ಲಿ ಉತ್ತರ ಕೊಟ್ಟಿತು. ಕೆಐಎಫ್‌ಸಿ1 ಎಂಬ ಚಾಲಕ ಪ್ರೋಟೀನು ಪಕ್ಕಪಕ್ಕದ ಎಳೆಗಳನ್ನು ಅಡ್ಡಲಾಗಿ ಹಿಡಿದು ಕೂಡಿಸುತ್ತದೆ; ಮಾನವ ಅಂಡಾಣುವಿನಲ್ಲಿ ಅದರ ಕೊರತೆಯಿದೆ. ಹಸುವಿನ ಅಂಡಾಣುವಿನಿಂದ ಅದನ್ನು ತೆಗೆದರೆ ಹಸುವಿನ ಕದಿರೂ ಮನುಷ್ಯರದರಂತೆ ಒಡೆಯಿತು. ಮಾನವ ಅಂಡಾಣುವಿಗೆ ಹೊರಗಿನಿಂದ ಅದನ್ನು ಸೇರಿಸಿದರೆ ಕದಿರು ಸ್ಥಿರವಾಯಿತು. ತೆಗೆದು ನೋಡಿ ಕೆಡಿಸುವುದು, ಹಾಕಿ ನೋಡಿ ಸರಿಪಡಿಸುವುದು, ಈ ಎರಡೂ ದಿಕ್ಕಿನ ಪರೀಕ್ಷೆಯಲ್ಲಿ ನಿಂತ ಕಾರಣವನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. ಇದೇ ಕುಟುಂಬದ ಪ್ರೋಟೀನಿನ ಕಥೆ ಹಣ್ಣಿನ ನೊಣದಲ್ಲಿ ಬಹಳ ಹಿಂದೆಯೇ ಶುರುವಾಗಿತ್ತು. ಕ್ಲಾರೆಟ್ ಎಂಬ ಕಣ್ಣಿನ ಬಣ್ಣದ ರೂಪಾಂತರವುಳ್ಳ ಹೆಣ್ಣು ನೊಣಗಳ ಮರಿಗಳಲ್ಲಿ ವರ್ಣತಂತುಗಳು ಕಳೆದುಹೋಗುವುದನ್ನು ಸ್ಟರ್ಟೆವಂಟ್ 1929ರಲ್ಲೇ ವರದಿ ಮಾಡಿದ್ದರು. ಅದರ ಹಿಂದೆ ಇದ್ದದ್ದು ಕೆಐಎಫ್‌ಸಿ1ರ ಸಂಬಂಧಿ ಪ್ರೋಟೀನು ಎಂದು ತಿಳಿಯಲು 1990 ಬರಬೇಕಾಯಿತು. ಮೈಸೂರಿನ ಮಾನಸಗಂಗೋತ್ರಿಯ ಡ್ರೊಸೊಫಿಲಾ ಸ್ಟಾಕ್ ಸೆಂಟರಿನಂಥ ಕಡೆ ನೊಣಗಳ ತಳಿಗಳನ್ನು ಬಾಟಲಿಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಕಾಪಾಡುವುದು ಯಾತಕ್ಕೆ ಎಂದು ಕೇಳುವವರಿಗೆ ಇದೊಂದು ಉತ್ತರ. ನೊಣದಲ್ಲಿ ರೂಪಾಂತರದಿಂದ ಬರುವ ದೌರ್ಬಲ್ಯ ಮನುಷ್ಯ ಜಾತಿಯಲ್ಲಿ ಹುಟ್ಟಿನಿಂದಲೇ ಇದೆ, ಪ್ರತಿ ಹೆಂಗಸಿನಲ್ಲೂ ಇದೆ. ಒಬ್ಬ ಸೊಸೆಯ ಮೇಲೆ ಹೊರಿಸಬಹುದಾದ ದೋಷ ಇದರಲ್ಲಿ ಎಲ್ಲಿದೆ?

ಕಾಲದ ವಿಷಯಕ್ಕೆ ಬಂದರೆ ಮನೆಯ ವಿಚಾರಣೆ ಎಷ್ಟು ದಾರಿ ತಪ್ಪಿದ್ದು ಎಂಬುದು ಇನ್ನೂ ಗೊತ್ತಾಗುತ್ತದೆ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳ ಪಿಂಡವಾಗಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷ ಉಳಿದಿರುತ್ತವೆ. ಅವೆಲ್ಲವೂ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ವಿಭಜನೆ ಆರಂಭಿಸಿ, ತಾಯಿಯಿಂದ ಬಂದ ವರ್ಣತಂತು ತಂದೆಯಿಂದ ಬಂದದ್ದರ ಜತೆ ಕೂಡಿಕೊಂಡ ಸ್ಥಿತಿಯಲ್ಲೇ ತಡೆದು ನಿಂತಿರುತ್ತವೆ. ಮೈನೆರೆದ ಮೇಲೆ ಪ್ರತಿ ತಿಂಗಳು ಸಾಮಾನ್ಯವಾಗಿ ಒಂದು ಮಾತ್ರ ಮುಂದುವರಿಯುತ್ತದೆ, ಜೀವಮಾನದಲ್ಲಿ 400ರ ಆಸುಪಾಸು. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ 1987ರಲ್ಲಿ ಭದ್ರಾವತಿಯ ಯಾವುದೋ ಮನೆಯಲ್ಲಿ ತಾಯಿಯ ಹೊಟ್ಟೆಯೊಳಗಿದ್ದ ಹೆಣ್ಣುಮಗುವಿನ ಅಂಡಕೋಶ ಆಗಲೇ ಜೋಡಿ ಕೂಡಿಸಿಕೊಂಡು ಕಾಯಲು ನಿಂತಿತ್ತು. ಊರಿನ ಕಾಗದದ ಕಾರ್ಖಾನೆ ಎಂಪಿಎಂ ಉತ್ಪಾದನೆ ನಿಲ್ಲಿಸಿದ 2015ರಲ್ಲೂ ಅದು ಹಾಗೇ ಕಾಯುತ್ತಿತ್ತು. ಈ ಇಡೀ ಅವಧಿಯಲ್ಲಿ ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಡುವುದು ಕೊಹೆಸಿನ್ ಎಂಬ ಉಂಗುರದಾಕಾರದ ಪ್ರೋಟೀನು. ಇಲಿಗಳಲ್ಲಿ ನಡೆಸಿದ ಪ್ರಯೋಗಗಳ ಪ್ರಕಾರ ಪಿಂಡಾವಸ್ಥೆಯಲ್ಲಿ ಹಾಕಿದ ಈ ಉಂಗುರಗಳ ಬದಲಿಗೆ ಹೊಸವು ಬರುವುದಿಲ್ಲ. ವಯಸ್ಸಾದಂತೆ ಕಳಚಿಹೋಗುತ್ತ ಬರುತ್ತವೆ. ಕದಿರಿನ ಸ್ಥಿರತೆಗೂ ಇದಕ್ಕೂ ನೇರ ಸಂಬಂಧವಿದೆ. ಎರಡು ತುದಿಗಳು ಎರಡು ಕಡೆಗೆ ಎಳೆಯುವಾಗ ನಡುವಿನ ಜೋಡಿ ಬಿಗಿಯಾಗಿ ಹಿಡಿದಿದ್ದರೆ ತಾನೇ ಎಳೆತ ಸಮನಾಗುವುದು? ಜೋಡಿ ಮೊದಲೇ ಬಿಟ್ಟುಹೋಗಿದ್ದರೆ ಒಂಟಿ ವರ್ಣತಂತುವಿಗೆ ಎತ್ತ ಹೋಗಬೇಕೆಂಬ ದಿಕ್ಕೇ ಇಲ್ಲ. ಬೇರೆ ಕೋಶಗಳಲ್ಲಿ ಹೀಗೆ ಒಂದು ವರ್ಣತಂತು ದಿಕ್ಕುತಪ್ಪಿದರೂ ವಿಭಜನೆಯನ್ನು ತಡೆದು ನಿಲ್ಲಿಸುವ ಕಟ್ಟುನಿಟ್ಟಿನ ತಪಾಸಣೆ ಇದೆ. ಗಾತ್ರದಲ್ಲಿ ಬಹಳ ದೊಡ್ಡದಾದ ಅಂಡಾಣುವಿನಲ್ಲಿ ಆ ತಪಾಸಣೆ ಸಡಿಲ. ಹೀಗೆ ಒಂದು ವರ್ಣತಂತು ಹೆಚ್ಚಾಗಿ ಬರುವ ಡೌನ್ ಸಿಂಡ್ರೋಮಿಗೆ ನಂಟಿರುವುದು ತಾಯಿಯ ವಯಸ್ಸಿನೊಂದಿಗೆ, ತಂದೆಯದರೊಂದಿಗಲ್ಲ ಎಂದು ಲಯೊನೆಲ್ ಪೆನ್ರೋಸ್ 1933ರಲ್ಲೇ ಅಂಕಿಅಂಶಗಳಿಂದ ಬಿಡಿಸಿ ತೋರಿಸಿದ್ದರು; ಅಂಥ ಮಕ್ಕಳಲ್ಲಿ 47 ವರ್ಣತಂತುಗಳಿವೆ ಎಂದು ಗೊತ್ತಾಗಿದ್ದು 1959ರಲ್ಲಿ. ಇಪ್ಪತ್ತರ ತಾಯಿಗೆ 1500ರಲ್ಲಿ ಒಂದರಷ್ಟಿರುವ ಸಂಭವ 40ರ ತಾಯಿಗೆ 100ರಲ್ಲಿ ಒಂದರ ಹತ್ತಿರ ಬರುತ್ತದೆ.

ಮೊದಲ ಹಂಚಿಕೆ ಮುಗಿದ ಮೇಲೂ ಅಂಡಾಣುವಿಗೆ ವಿರಾಮವಿಲ್ಲ. ಬೇಡದ ಅರ್ಧವನ್ನು ಧ್ರುವಕಾಯವೆಂಬ ಸಣ್ಣ ಕೋಶವಾಗಿ ಹೊರಹಾಕಿ, ಕೂಡಲೇ ಎರಡನೆಯ ಕದಿರು ಕಟ್ಟಿ, ಅದರ ನಡುಗೆರೆಯಲ್ಲಿ ವರ್ಣತಂತುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ವೀರ್ಯಾಣುವಿಗಾಗಿ ಕಾಯುತ್ತದೆ. ಈ ತಡೆ ತಾನಾಗಿ ಆದದ್ದಲ್ಲ, ಪ್ರೋಟೀನುಗಳು ಹಿಡಿದಿಟ್ಟ ತಡೆ. 1971ರಲ್ಲಿ ಮಸೂಯಿ ಮತ್ತು ಮಾರ್ಕರ್ಟ್ ಕಪ್ಪೆಯ ಅಂಡಾಣುಗಳಲ್ಲಿ ಇದನ್ನು ಗುರುತಿಸಿದರು. ವೀರ್ಯಾಣು ಬಂದು ಕ್ಯಾಲ್ಸಿಯಂ ಅಲೆಗಳನ್ನೆಬ್ಬಿಸಿದಾಗ ಮಾತ್ರ ತಡೆ ತೆರೆಯುತ್ತದೆ. ಒಂದು ದಿನದೊಳಗೆ ಅದು ಬಾರದಿದ್ದರೆ ಕಟ್ಟಿದ ಕದಿರು ಹಾಳಾಗುತ್ತ ಹೋಗುತ್ತದೆ. ಮೀನಿನ ಅಂಡಾಣುವೂ ನಿಲ್ಲುವುದು ಇದೇ ಹಂತದಲ್ಲಿ. 1957ರಲ್ಲಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಹಾರ್ಮೋನು ಚುಚ್ಚಿ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದ ಮೇಲೆ ದೇಶದ ತುಂಬ ಮೀನುಮರಿ ಕೇಂದ್ರಗಳು ಬೆಳೆದವು, ಭದ್ರಾ ಅಣೆಕಟ್ಟೆಯ ಬಿ.ಆರ್. ಪ್ರಾಜೆಕ್ಟಿನಲ್ಲೂ ಒಂದಿದೆ. ಹೊರದೇಶಗಳಲ್ಲಿ ಮೀನು ಸಾಕುವವರು ಈ ತಡೆಯ ಇನ್ನೊಂದು ಮುಖವನ್ನು ಬಳಸಿಕೊಂಡಿದ್ದಾರೆ. ಫಲಿತವಾದ ಕೆಲವೇ ನಿಮಿಷಗಳಲ್ಲಿ ಮೀನಿನ ಮೊಟ್ಟೆಗೆ ಬಿಸಿನೀರಿನ ಅಥವಾ ತಣ್ಣೀರಿನ ಆಘಾತ ಕೊಟ್ಟರೆ ಕದಿರು ಕೆಟ್ಟು, ಎರಡನೆಯ ಧ್ರುವಕಾಯ ಹೊರಬೀಳದೆ ಒಳಗೇ ಉಳಿದು, ಮೂರು ಸೆಟ್ ವರ್ಣತಂತುಗಳ ಬಂಜೆ ಮೀನು ಹುಟ್ಟುತ್ತದೆ. ಕೆರೆಯ ಕಳೆ ತಿನ್ನಿಸಲು ಬಿಡುವ ಬಂಜೆ ಹುಲ್ಲುಗೆಂಡೆಗಳನ್ನು ಅಲ್ಲಿ ಇದೇ ತತ್ವದ ಮೇಲೆ ತಯಾರಿಸುತ್ತಾರೆ.

ಉಷ್ಣತೆಯ ಈ ಹಿಡಿತ ಹೆಂಗಸಿನ ಅಂಡಾಣುವಿಗೂ ತಪ್ಪಿದ್ದಲ್ಲ. ಐವಿಎಫ್ ಕೇಂದ್ರಗಳು ಈಗ ಬೆಂಗಳೂರಿಗಷ್ಟೇ ಸೀಮಿತವಲ್ಲ, ಶಿವಮೊಗ್ಗದಲ್ಲೂ ಇವೆ. ದೇಹದೊಳಗೆ 37 ಡಿಗ್ರಿಯಲ್ಲಿದ್ದ ಅಂಡಾಣುವನ್ನು ಹೊರತೆಗೆದು 25 ಡಿಗ್ರಿಯ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೂ ಅದರ ಕದಿರು ಕರಗತೊಡಗುತ್ತದೆ. ಮತ್ತೆ ಬೆಚ್ಚಗಿಟ್ಟಾಗ ಎಲ್ಲವುಗಳಲ್ಲೂ ಮೊದಲಿನಂತೆ ಮರಳುವುದಿಲ್ಲ ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆ ಅಧ್ಯಯನ ಬಳಸಿದ್ದು ಇನೋವೆ ಬಳಸಿದ ಧ್ರುವೀಕೃತ ಬೆಳಕಿನ ವಿಧಾನವನ್ನೇ. ಮಲೆನಾಡಿನ ಅಂಚಿನ ಊರಿನಲ್ಲಿ, ಜುಲೈ ತಿಂಗಳ ತಂಪಿನಲ್ಲಿ, ಕರೆಂಟು ಹೋಗಿ ಬರುವ ದಿನಗಳಲ್ಲಿ, ಸೂಕ್ಷ್ಮದರ್ಶಕದ ಕೆಳಗಿನ ಬಿಸಿ ಹಲಗೆ ಒಂದು ನಿಮಿಷವೂ ತಣ್ಣಗಾಗದಂತೆ ನೋಡಿಕೊಳ್ಳುವ ತಂತ್ರಜ್ಞರ ಕೆಲಸ ಎಷ್ಟು ಜವಾಬ್ದಾರಿಯದು ಎಂಬುದನ್ನು ಇದರಿಂದ ಊಹಿಸಬಹುದು. ಚಿಕಿತ್ಸೆಗೆ ಹೋಗುವ ದಂಪತಿ ಯಶಸ್ಸಿನ ಶೇಕಡಾವಾರು ಕೇಳುವಂತೆ ಪ್ರಯೋಗಾಲಯದ ಉಷ್ಣತೆಯನ್ನು ಹೇಗೆ ಕಾಯುತ್ತಾರೆಂದು ಕೇಳುವುದೂ ಅವರ ಹಕ್ಕು ಎಂದು ನಾನು ಭಾವಿಸುತ್ತೇನೆ.

ಇಷ್ಟು ಹೇಳಿದ ಮೇಲೆ ಎದುರಾಗುವ ಆಕ್ಷೇಪಗಳು ಹಗುರವಾದವಲ್ಲ. ಸಂಶೋಧನೆಗೆ ಸಿಗುವ ಮಾನವ ಅಂಡಾಣುಗಳು ಹೆಚ್ಚಾಗಿ ಬಂಜೆತನದ ಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬಾರದೆ ಉಳಿದಂಥವು. ಅವು ಮೊದಲೇ ದುರ್ಬಲವಾಗಿದ್ದರೆ, ಅಥವಾ ಗಾಜಿನ ತಟ್ಟೆಯಲ್ಲಿ ಬೆಳೆದದ್ದರಿಂದಲೇ ಕದಿರು ಒಡೆದಿದ್ದರೆ? ಕೇಳಲೇಬೇಕಾದ ಪ್ರಶ್ನೆಯಿದು. ಅಂಡಾಣುಗಳಲ್ಲಿ ಇಷ್ಟನೆಯ ಪಾಲು ಅಸ್ಥಿರ ಎಂಬ ಖಚಿತ ಸಂಖ್ಯೆಗಳನ್ನು ಅದಕ್ಕಾಗಿಯೇ ಎಚ್ಚರದಿಂದ ಓದಬೇಕು. ಆದರೆ ಹಸುವಿನ ಅಂಡಾಣುಗಳೂ ಗಾಜಿನ ತಟ್ಟೆಯಲ್ಲೇ ಬೆಳೆದವು, ಅವುಗಳ ಕದಿರು ಒಡೆಯಲಿಲ್ಲ. ಮಿಗಿಲಾಗಿ, ಪ್ರಯೋಗಾಲಯವನ್ನೇ ಕಾಣದ ಗರ್ಭಗಳಲ್ಲೂ ಅದೇ ಬಗೆಯ ಲೆಕ್ಕತಪ್ಪು ಸಿಗುತ್ತದೆ: ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುವರಿ 21ನೇ ವರ್ಣತಂತು ಬಂದದ್ದು ಸುಮಾರು ಶೇ. 90ರಷ್ಟು ಪ್ರಕರಣಗಳಲ್ಲಿ ಅಂಡಾಣುವಿನಿಂದ. ಇಷ್ಟೊಂದು ದುರ್ಬಲವಾದರೆ ಮನುಷ್ಯಕುಲ ಉಳಿದದ್ದು ಹೇಗೆ ಎಂದೂ ಕೇಳಬಹುದು. ತಪ್ಪಿದ ಗರ್ಭಗಳಲ್ಲಿ ಹೆಚ್ಚಿನವು ಬಹಳ ಬೇಗ, ಎಷ್ಟೋ ಸಲ ಮುಟ್ಟು ತಪ್ಪುವುದಕ್ಕೂ ಮೊದಲೇ ನಿಂತುಹೋಗುತ್ತವೆ. ತಾಯಿಯ ದೇಹ ಮತ್ತೆ ಗರ್ಭ ಧರಿಸಲು ಸಿದ್ಧವಾಗುತ್ತದೆ. ಗರ್ಭ ಕೈತಪ್ಪುವುದೆಂದರೆ ದೇಹ ಕೆಟ್ಟಿದೆ ಎಂದು ತಿಳಿಯುವವರು ಇದನ್ನು ಗಮನಿಸಬೇಕು. ಎಷ್ಟೋ ಸಲ ಅದು ದೇಹ ತನ್ನ ಕೆಲಸ ಮಾಡಿದ್ದರ ಗುರುತು.

ಇನ್ನೊಂದು ಆಕ್ಷೇಪವನ್ನು ಹೆಚ್ಚು ಗಂಭೀರವಾಗಿ ಎದುರಿಸಬೇಕು, ಯಾಕೆಂದರೆ ಅದು ವಿಜ್ಞಾನದ ಮಾತನ್ನೇ ಹಿಡಿದು ಹೆಣ್ಣುಮಕ್ಕಳ ಮೇಲೆ ತಿರುಗುತ್ತದೆ. ವಯಸ್ಸಾದಂತೆ ಕೊಹೆಸಿನ್ ಕಳಚುತ್ತದೆ ಎಂದಾದರೆ ಓದು, ಕೆಲಸ ಎನ್ನದೆ ಬೇಗ ಮದುವೆ ಮಾಡುವುದೇ ಸರಿಯಲ್ಲವೇ ಎಂಬ ವಾದವದು. ಕೋಪನ್‌ಹೇಗನ್ನಿನ ಸಂಶೋಧಕರು ಒಳಗೊಂಡ ತಂಡವೊಂದು 9ರಿಂದ 43 ವರ್ಷದವರೆಗಿನ ಹುಡುಗಿಯರ ಮತ್ತು ಮಹಿಳೆಯರ ಅಂಡಾಣುಗಳನ್ನು ಪರೀಕ್ಷಿಸಿ 2019ರಲ್ಲಿ ಕೊಟ್ಟ ವರದಿ ಇದಕ್ಕೆ ನೇರ ಉತ್ತರ. ಲೆಕ್ಕತಪ್ಪು ವಯಸ್ಸಿನೊಂದಿಗೆ ಏರುತ್ತ ಮಾತ್ರ ಹೋಗುವುದಿಲ್ಲ. ಹದಿಹರೆಯದಲ್ಲೂ ಅದು ಹೆಚ್ಚಿರುತ್ತದೆ, ಇಪ್ಪತ್ತರಿಂದ ಮೂವತ್ತರ ಆರಂಭದವರೆಗೆ ತಗ್ಗಿ, ಮೂವತ್ತೈದರ ಆಚೆ ಮತ್ತೆ ಏರುತ್ತದೆ. ಹದಿನಾರಕ್ಕೆ ಮದುವೆ ಮಾಡಿದರೆ ಕಾನೂನು ಮುರಿದಂತಾಯಿತು, ಹುಡುಗಿಯ ಮೈಗೆ ಅಪಾಯ ತಂದಂತಾಯಿತು. ಅಂಡಾಣುವಿನ ಲೆಕ್ಕದಲ್ಲೂ ಲಾಭವಿಲ್ಲ.

ಉಳಿದದ್ದು ವಂಶದ ಮಾತು. ಶಿವಮೊಗ್ಗ ಜಿಲ್ಲೆಯ ಜನಕ್ಕೆ ವಂಶದಲ್ಲಿ ಹರಿದುಬರುವ ಕಾಯಿಲೆ ಎಂದರೇನೆಂದು ಹತ್ತಿರದಿಂದ ಗೊತ್ತು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಕೀಲು ಮೂಳೆಗಳನ್ನು ಕಾಡುವ ಹಂದಿಗೋಡು ಕಾಯಿಲೆ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಆ ನೆನಪಿನಿಂದಲೋ ಏನೋ, ಡೌನ್ ಸಿಂಡ್ರೋಮಿನ ಮಗು ಹುಟ್ಟಿದಾಗ ಸೊಸೆಯ ತವರಿನ ವಂಶಾವಳಿ ಕೆದಕುವವರಿದ್ದಾರೆ. ಬಹುತೇಕ ಪ್ರಕರಣಗಳಲ್ಲಿ ಅಲ್ಲಿ ಏನೂ ಸಿಗುವುದಿಲ್ಲ. ಒಂದು ತಿಂಗಳ, ಒಂದು ಅಂಡಾಣುವಿನ, ಒಂದು ಹಂಚಿಕೆ ತಪ್ಪಿದ್ದಷ್ಟೇ ಕಾರಣ. ಅಪವಾದಗಳಿಲ್ಲವೆಂದಲ್ಲ. ಅಂಡಾಣುವಿನ ಕದಿರಿಗೆಂದೇ ಇರುವ ಟ್ಯೂಬ್ಯುಲಿನ್ ವಂಶವಾಹಿ ಟಿಯುಬಿಬಿ8ರಲ್ಲಿ ದೋಷವಿದ್ದರೆ ಅಂಡಾಣು ಪಕ್ವವಾಗದೆ ನಿಲ್ಲುತ್ತದೆ ಎಂದು ಚೀನಾದ ಸಂಶೋಧಕರು 2016ರಲ್ಲಿ ಕಂಡುಕೊಂಡರು. ಅಂಥ ದೋಷ ಹೆಣ್ಣಿಗೆ ತನ್ನ ತಂದೆಯಿಂದಲೂ ಬರಬಹುದು, ಅವನಿಗೆ ಅದರಿಂದ ಮಕ್ಕಳಾಗುವುದಕ್ಕೇನೂ ತೊಂದರೆಯಾಗಿರುವುದಿಲ್ಲ. ಡೌನ್ ಸಿಂಡ್ರೋಮಿನಲ್ಲೂ ಶೇ. 3-4ರಷ್ಟು ಪ್ರಕರಣಗಳಲ್ಲಿ ಒಂದು ವರ್ಣತಂತುವಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದರಲ್ಲಿ ಕೆಲವು ತಾಯಿಯಿಂದಲೋ ತಂದೆಯಿಂದಲೋ ಬಂದಿರುತ್ತವೆ.

ಊಹೆಯ ವಿಚಾರಣೆಯ ಬದಲು ಪರೀಕ್ಷೆ ಸಾಧ್ಯವಿದೆ. ಕೈತಪ್ಪಿದ ಗರ್ಭದ ಅಂಗಾಂಶವನ್ನು ವರ್ಣತಂತು ಪರೀಕ್ಷೆಗೆ ಕಳಿಸಬಹುದು. ಮೇಲಿಂದ ಮೇಲೆ ಹೀಗಾಗುತ್ತಿರುವವರಲ್ಲಿ ಇದು ಬಹಳ ಉಪಯುಕ್ತ. ವರದಿಯಲ್ಲಿ 16ನೇ ವರ್ಣತಂತು ಮೂರು ಬಂದಿದೆ ಎಂದಿದ್ದರೆ (ಗರ್ಭಪಾತಗಳಲ್ಲಿ ಅತಿ ಹೆಚ್ಚು ಕಾಣುವ ಮೂರರ ಗುಂಪು ಅದೇ) ಗಂಡ ಹೆಂಡತಿ ಇಬ್ಬರ ವರ್ಣತಂತುಗಳೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ; ಮುಂದಿನ ಗರ್ಭ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇದೆ. ತುಂಡು ಅಂಟಿಕೊಂಡ ಬಗೆಯದೆಂದು ಬಂದರೆ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಡಬೇಕು, ಗಂಡನದನ್ನೂ ಸೇರಿಸಿ.